ದರಗಿಗೊಂದು ಅರ್ಜಿ

ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಹಾಲನ್ನು ಪಾತ್ರೆಗೆ ಸುರಿದು, ಒಳಗೆ ಎರಡು ಸಲ ನೀರಾಡಿಸಿ, ಹಿತ್ತಲಿನ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸುವುದು ನನ್ನ ಬೆಳಗಿನ ಮೊದಲ ಕೆಲಸ. ಒಣಗಿದ ಮೇಲೆ ಮಡಚಿ ಒಣಕಸದ ಬುಟ್ಟಿಗೆ ಹಾಕುತ್ತೇನೆ. “ಬಟ್ಟೆ ತಂತಿ ಮೇಲೆ ಕವರ್ ಒಣಗಿಸೋ ಮನೆ ಇಡೀ ಚಿಕ್ಕಮಗಳೂರಿಗೆ ನಮ್ದೊಂದೇ” ಎಂದು ನಮ್ಮ ಯಜಮಾನರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ನಾನು ನಗುತ್ತೇನೆ. ಆದರೆ ಎಷ್ಟು ತೊಳೆದರೂ ಪ್ಯಾಕೆಟ್ಟಿನೊಳಗೆ ಒಂದು ಹಳಸಲು ವಾಸನೆ ಉಳಿದೇ ಇರುತ್ತದಲ್ಲ, ಅದು ಮೂಗಿಗೆ ಬಂದಾಗಲೆಲ್ಲ ನನಗೆ ಚೆನ್ನಮ್ಮನ ನೆನಪಾಗುತ್ತದೆ. ಚೆನ್ನಮ್ಮ ನಮ್ಮ ಮನೆಗೆ ಹಾಲು ಹಾಕುತ್ತಿದ್ದವಳು. ಅವಳ ಹಾಲು ನಿಂತ ಮೇಲೆಯೇ ನಮ್ಮಲ್ಲಿ ಪ್ಯಾಕೆಟ್ ಬಂದದ್ದು. ನಿಂತದ್ದು ನನ್ನಿಂದ.

ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಬೇಸರಿಸಬೇಡಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ರಸ್ತೆಯ ಎರಡೂ ಬದಿಗೆ ಮಳೆಮರ, ಹೊಂಗೆ, ಮೂಲೆಮನೆಯ ಕಾಂಪೌಂಡಿನಲ್ಲಿ ನಾಲ್ಕು ಸಿಲ್ವರ್ ಓಕ್. ಸಂಕ್ರಾಂತಿ ಕಳೆಯಿತೆಂದರೆ ಎಲೆ ಉದುರುವುದಕ್ಕೆ ಲೆಕ್ಕವಿಲ್ಲ. ರಸ್ತೆಯ ತುದಿಯಲ್ಲಿ ಯಾರಾದರೂ ಗುಡ್ಡೆ ಮಾಡಿ ಬೆಂಕಿ ಹಚ್ಚುವರು. ಮಧ್ಯಾಹ್ನದವರೆಗೂ ಹೊಗೆ, ಕೆಮ್ಮು. ನಮ್ಮ ಬಡಾವಣೆಯ ಮಹಿಳಾ ಸಮಾಜ ಇದಕ್ಕೊಂದು ಕೊನೆ ಕಾಣಿಸಬೇಕೆಂದು ಹೊರಟಿತು. ಮನೆಗೆ ಎರಡು ಚೀಲ: ಎಲೆಗೆ ಕಾಫಿಯ ಹಳೆಯ ಗೋಣಿ, ಕಾಗದ ಬಾಟಲಿಗಳಿಗೆ ಇನ್ನೊಂದು. ವಾರಕ್ಕೆರಡು ದಿನ ಟ್ರ್ಯಾಕ್ಟರು ಬಂದು ಒಯ್ದು ಊರಾಚೆಯ ಗುಂಡಿಗೆ ಸುರಿಯುವುದು, ಗೊಬ್ಬರ ಮಾಡುವುದು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ನಾನು ಛತ್ರಿ ಹಿಡಿದು ಮನೆಮನೆಗೆ ಹೋಗಿ, ಯಾವ ಚೀಲಕ್ಕೆ ಏನು ಎಂದು ಹೇಳಿಬಂದೆ. ಚೀಲದೊಳಗೆ ನೋಡಿದರೆ ಮನೆಯೇ ಕಾಣುತ್ತಿತ್ತು, ನಿಜ ಹೇಳುತ್ತೇನೆ. ಟೀಚರ್ ಮನೆಯವರು ಎಲೆಯನ್ನು ಇಸ್ತ್ರಿ ಮಾಡಿದ ಹಾಗೆ ಒತ್ತಿಡುವರು. ಎದುರುಮನೆಯವರ ಎಲೆಯ ನಡುವೆ ಹವಾಯಿ ಚಪ್ಪಲಿಯ ಒಂದು ಕಾಲು ಇದ್ದೇ ಇರುವುದು.

ಮೊದಲ ತಿಂಗಳಲ್ಲೇ ರಸ್ತೆ ಕನ್ನಡಿಯ ಹಾಗಾಯಿತು. ನಾನು ಗೇಟಿನಲ್ಲಿ ನಿಂತು ಅದನ್ನು ನೋಡುತ್ತ ಹೆಮ್ಮೆಪಡುತ್ತಿದ್ದ ಒಂದು ಬೆಳಿಗ್ಗೆ ಚೆನ್ನಮ್ಮ ಹಾಲಿನ ಕ್ಯಾನು ಕೆಳಗಿಟ್ಟು ಹೇಳಿದಳು.

“ಅಮ್ಮ, ಈ ಸಲ ರೋಡಲ್ಲಿ ದರಗೇ ಇಲ್ಲ.”

ಒಣಗಿದೆಲೆಗೆ ನಮ್ಮ ಕಡೆ ದರಗು ಎನ್ನುತ್ತಾರೆ. “ಹೌದು ಚೆನ್ನಮ್ಮ, ದಿನಾ ಸಂಜೇನೇ ಗುಡಿಸಿ ಎಲ್ಲ ಚೀಲಕ್ಕೆ ತುಂಬಿಸ್ತಿದೀವಿ. ಗೊಬ್ಬರ ಮಾಡ್ತೀವಿ” ಎಂದೆ.

“ನಾನೂ ಅದನ್ನೇ ಅಲ್ವಾ ಮಾಡ್ತಿದ್ದಿದ್ದು? ನಿಮ್ಮ ಗುಲಾಬಿ ಗಿಡಕ್ಕೆ ಹಾಕಿರೋದು ಮತ್ಯಾರ ಕೊಟ್ಟಿಗೇದು?”

ಆಗ ಗೊತ್ತಾಯಿತು. ನಾವು ಎದ್ದು ಬಾಗಿಲಿಗೆ ನೀರು ಹಾಕುವ ಮೊದಲೇ ಅವಳು ಇಡೀ ರಸ್ತೆ ಗುಡಿಸಿ, ದೊಡ್ಡ ಹೆಡಿಗೆಯಲ್ಲಿ ಹೊತ್ತು, ರಸ್ತೆಯ ಕೊನೆಯ ತನ್ನ ಕೊಟ್ಟಿಗೆಯ ಹಿಂದೆ ಒಟ್ಟುತ್ತಿದ್ದಳು. ಜೂನ್‌ನಿಂದ ಮಳೆ ಬಿಡುವವರೆಗೂ ಅದೇ ಅವಳ ಎರಡು ದನಗಳ ಹಾಸಿಗೆ. ಸೆಗಣಿ ಗಂಜಲ ಕೂಡಿ ಕೊನೆಗೆ ಅದೇ ಗೊಬ್ಬರ. ನಾವು ಕಂಡ ಬೆಂಕಿ, ಅವಳು ಹೊರಲಾರದೆ ಬಿಟ್ಟದ್ದರದು. ನಾನು ಇದನ್ನು ಯಾಕೆ ನೋಡಿರಲಿಲ್ಲ? ಆ ಹೊತ್ತಿಗೆ ನನ್ನ ಕಿಟಕಿಯ ಪರದೆ ಮುಚ್ಚಿರುತ್ತಿತ್ತು, ಅಷ್ಟೆ.

“ಮಳೆ ಹಿಡಿಯೋದ್ರೊಳಗೆ ಮೂವತ್ತು ಹೆಡಿಗೆಯಾದ್ರೂ ಒಟ್ಟಬೇಕಮ್ಮ. ಇಲ್ದಿದ್ರೆ ದನ ಕೆಸರಲ್ಲೇ ನಿಲ್ಬೇಕು. ಒಂದಿಷ್ಟು ಚೀಲ ನಂಗೆ ಬಿಡಿಸಿಕೊಡಿ.”

ನೀವಾಗಿದ್ದರೆ ಏನು ಹೇಳುತ್ತಿದ್ದಿರೋ. ನಾನು ಹೇಳಿದ್ದು ಇದು: “ಒಂದು ಅರ್ಜಿ ಕೊಡೋಣ ಚೆನ್ನಮ್ಮ. ಮೀಟಿಂಗಲ್ಲಿ ಇಡ್ತೀನಿ.”

ಅವಳು ತಲೆಯೆತ್ತಿ ಮಳೆಮರವನ್ನು ನೋಡಿದಳು. “ಇದೇನು ಮೀಟಿಂಗ್ ಮಾಡಿ ಉದುರಿಸ್ತದಾ?”

ಇಬ್ಬರೂ ನಕ್ಕೆವು. ನಗುತ್ತಲೇ ನಾನು ಒಳಗೆ ಹೋಗಿ ಬಿಳಿಹಾಳೆ ತಂದು, ಮಾರ್ಜಿನ್ ಎಳೆದು, ‘ಮಾನ್ಯ ಅಧ್ಯಕ್ಷರಿಗೆ’ ಎಂದು ಶುರು ಮಾಡಿದೆ. “ದನದ ಹೆಸರೂ ಬರೀರಿ. ಗೌರಿ, ಕೆಂಪಿ” ಎಂದಳು. ಅರ್ಜಿಯಲ್ಲಿ ಅದೆಲ್ಲ ಬರೆಯುವ ಹಾಗಿಲ್ಲ ಎಂದೆ. ಅವಳು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಹೋದಳು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನೀರು ಕುಡಿಯಬೇಕಾದರೂ ಕೈಯೆತ್ತಬೇಕು, ಸಿಸ್ಟರ್ ತಲೆಯಾಡಿಸುವವರೆಗೆ ಎತ್ತಿದ ಕೈ ಇಳಿಸಬಾರದು. ಹಾಗೆ ಬೆಳೆದವರಿಗೆ ಕೇಳಿ ಪಡೆದದ್ದು ಮಾತ್ರ ಸರಿ, ಕೇಳದೆ ಮಾಡಿದ್ದೆಲ್ಲ ತಪ್ಪು. ಮದುವೆಯಾದ ಹೊಸದರಲ್ಲಿ ಅತ್ತೆಯ ಮನೆಯ ಕಿಟಕಿ ತೆಗೆಯುವುದಕ್ಕೂ ಅಪ್ಪಣೆ ಕೇಳುತ್ತಿದ್ದೆ. “ಗಾಳಿ ನಮ್ಮದಲ್ಲಮ್ಮ, ತೆಗಿ” ಎಂದು ಅತ್ತೆ ನಗುತ್ತಿದ್ದರು.

ಏಪ್ರಿಲ್ ಮೀಟಿಂಗು ಮದುವೆಗಳ ಗಡಿಬಿಡಿಯಲ್ಲಿ ಮುಂದಕ್ಕೆ ಹೋಯಿತು. ಮೇ ತಿಂಗಳಲ್ಲಿ ಸೇರಿದೆವು, ಆದರೆ ಇಬ್ಬರು ಕಡಿಮೆ, ಕೋರಂ ಇಲ್ಲ. ಬಿಸ್ಕತ್ತು ತಿಂದು ಎದ್ದೆವು. ನಮ್ಮ ಅಧ್ಯಕ್ಷೆ ಸುಮಿತ್ರಕ್ಕ ಮೂಡಿಗೆರೆ ಹತ್ತಿರದ ತಮ್ಮ ಎಸ್ಟೇಟಿನಲ್ಲಿದ್ದರು. ಫೋನ್ ಮಾಡಿದೆ.

“ಮೀಟಿಂಗಲ್ಲೇ ಇಡು ಮಾರಾಯ್ತಿ. ಒಬ್ಬರಿಗೆ ಕೊಟ್ರೆ ನಾಳೆ ಹತ್ತು ಜನ ಬರ್ತಾರೆ. ಎಲ್ಲದಕ್ಕೂ ಒಂದು ಕ್ರಮ ಬೇಕಲ್ವಾ?”

ಕ್ರಮ ಎಂಬ ಮಾತು ಕೇಳಿ ನನಗೆ ಸಮಾಧಾನವಾಯಿತು. ಚೆನ್ನಮ್ಮ ದಿನವೂ ಹಾಲು ಅಳೆಯುತ್ತ ನನ್ನ ಮುಖ ನೋಡುವಳು. “ಇನ್ನೂ ಇಲ್ಲ” ಎನ್ನುತ್ತಿದ್ದೆ. ಟ್ರ್ಯಾಕ್ಟರು ಮಾತ್ರ ವಾರಕ್ಕೆರಡು ಸಲ ತಪ್ಪದೆ ಬಂದು, ಎಲೆ ತುಂಬಿಕೊಂಡು, ಅವಳ ಕೊಟ್ಟಿಗೆಯ ಮುಂದೆಯೇ ಹಾದುಹೋಗುತ್ತಿತ್ತು.

ಮಳೆ ಆ ವರ್ಷ ಯಾರಿಗೂ ಕಾಯಲಿಲ್ಲ. ಚೆನ್ನಮ್ಮ ಸಾಮಿಲ್ಲಿನಿಂದ ಮರದ ಹುಡಿ ತಂದು ಹಾಸಿದಳು; ಅದು ಎರಡೇ ದಿನಕ್ಕೆ ಅಂಬಲಿಯಾಯಿತು. ಕೆಂಪಿಯ ಗೊರಸಿನ ಸಂದು ಕೊಳೆಯಿತು. ಆಮೇಲೆ ಗೌರಿಯದೂ. ಒಂದು ದಿನ ಹಾಲು ಹೊಯ್ದು ಮುಗಿಸಿ, ಕ್ಯಾನಿನ ಮುಚ್ಚಳ ಒತ್ತುತ್ತ ಅವಳು ಹೇಳಿದಳು: “ನಾಳೆಯಿಂದ ಬೇರೆ ಕಡೆ ಹೇಳ್ಕೊಳಿ ಅಮ್ಮ. ಎರಡನ್ನೂ ಕೊಟ್ಟುಬಿಟ್ಟೆ. ಒಂದು ಬಿಟ್ಟು ಒಂದು ನಿಲ್ಲಲ್ಲ.” ಯಾರಿಗೆ ಕೊಟ್ಟೆ ಎಂದು ನಾನು ಕೇಳಲಿಲ್ಲ. ಕುಂಟುವ ದನವನ್ನು ಕೊಳ್ಳುವವರು ಯಾರೆಂದು ಯಾರಿಗೆ ಗೊತ್ತಿಲ್ಲ?

ಜುಲೈ ಮೀಟಿಂಗಿನಲ್ಲಿ ಅರ್ಜಿ ಓದಿದೆ. “ಅಯ್ಯೋ ಪಾಪ, ಕೊಡೋಣ” ಎಂದರು ಎಲ್ಲರೂ. ಎರಡು ನಿಮಿಷವೂ ಹಿಡಿಯಲಿಲ್ಲ. ದನ ಮಾರಿದ್ದಾಳೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದು ದುಂಡಗೆ ಬರೆದೆ.

ಮರುವಾರ ಟ್ರ್ಯಾಕ್ಟರಿನ ನಾಗರಾಜುವಿನ ಎದುರು ಹೇಗೋ ಮಾತು ಹೊರಬಿತ್ತು. ಅವನು ಇಂಜಿನ್ ಆರಿಸಿ ನನ್ನನ್ನೇ ನೋಡಿದ. “ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಮೇಡಂ. ಅವ್ರ ಕೊಟ್ಟಿಗೆ ಮುಂದೇನೇ ಹೋಗೋದು ನಾನು. ಗುಂಡೀಲಿ ಸುರಿಯೋದನ್ನ ಅಲ್ಲಿ ಸುರೀತಿದ್ದೆ. ಯಾರು ಕೇಳೋರಿದ್ರು?”

ಯಾರೂ ಇರಲಿಲ್ಲ. ಆ ಗುಂಡಿಯನ್ನೂ ಒಮ್ಮೆ ಹೋಗಿ ನೋಡಿದೆ. ಪ್ಲಾಸ್ಟಿಕ್ಕು, ಟಾನಿಕ್ಕಿನ ಬಾಟಲಿ, ಚಪ್ಪಲಿ ಬೆರೆತ ಕರಿಯ ಮುದ್ದೆ. ಅದನ್ನು ಬೇರ್ಪಡಿಸುವವರು ಯಾರೆಂದು ನಾವು ಯೋಚಿಸಿರಲೇ ಇಲ್ಲ. ಒಂದು ಚಮಚ ಗೊಬ್ಬರವೂ ಅದರಿಂದ ಹುಟ್ಟಲಿಲ್ಲ. ಮುಂದಿನ ವರ್ಷ ಟ್ರ್ಯಾಕ್ಟರು ಬರುವುದು ನಿಂತಿತು, ಸಮಾಜವೂ ಬೇರೆ ಉತ್ಸಾಹಗಳಿಗೆ ಹೊರಳಿತು.

ಚೆನ್ನಮ್ಮನನ್ನು ಮತ್ತೆ ಕಂಡದ್ದು ಒಂದೇ ಸಲ. ಕಾಫಿ ಕ್ಯೂರಿಂಗ್ ವರ್ಕ್ಸಿನ ಗೇಟಿನ ಎದುರು ಸಂಜೆ ಬಸ್ಸಿಗೆ ನಿಂತಿದ್ದೆ. ಬೀಜ ಆರಿಸುವ ಹೆಂಗಸರು ಕೆಲಸ ಬಿಟ್ಟು ಬರುತ್ತಿದ್ದರು. ಅವರಲ್ಲಿ ಅವಳೂ ಇದ್ದಳು, ಸೀರೆಯ ಮೇಲೆಲ್ಲ ಕಾಫಿಯ ಹೊಟ್ಟಿನ ಧೂಳು. ತಾನೇ ಹತ್ತಿರ ಬಂದು ಮಾತಾಡಿಸಿದಳು. ಮಕ್ಕಳ ಕ್ಷೇಮ ಕೇಳಿದಳು. ಆಮೇಲೆ, ಏನೋ ನೆನಪಾದವಳಂತೆ, ಕೊಂಕಿಲ್ಲದೆ ಕೇಳಿದಳು.

“ಆ ಅರ್ಜಿ ಏನಾಯ್ತಮ್ಮ?”

“ಒಪ್ಪಿದ್ರು ಚೆನ್ನಮ್ಮ.”

“ಹೌದಾ?” ಸೆರಗಿನ ಧೂಳು ಕೊಡವಿಕೊಂಡಳು. “ಅಕ್ಷರ ಚಂದ ಇತ್ತು ಬಿಡಿ.”

ಬಸ್ಸು ಬಂತು, ಹತ್ತಿದೆ.

ಮೊನ್ನೆ ನಮ್ಮ ರಸ್ತೆಯ ಕಾಲೇಜು ಹುಡುಗಿಯರಿಬ್ಬರು ಬಂದಿದ್ದರು. ಎಲೆ ಸಂಗ್ರಹಿಸಿ ಗೊಬ್ಬರ ಮಾಡುತ್ತಾರಂತೆ. ಹಿರಿಯರ ಸಲಹೆ ಬೇಕಂತೆ. ನಾನು ಒಂದೇ ಕೇಳಿದೆ: “ಈಗ ಆ ಎಲೆ ಯಾರು ತಗೊಂಡು ಹೋಗ್ತಿದ್ದಾರೆ?”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಯಾರೂ ಇಲ್ಲ ಆಂಟಿ. ಸುಮ್ನೆ ಬಿದ್ದಿರುತ್ತೆ.”

“ನಾಳೆ ಬೆಳಿಗ್ಗೆ ಐದಕ್ಕೆ ಸ್ವೆಟರ್ ಹಾಕ್ಕೊಂಡು ಬನ್ನಿ, ನಿಂತು ನೋಡೋಣ” ಎಂದೆ. ಖಂಡಿತ ಬರುತ್ತೇವೆಂದರು, ಬರಲಿಲ್ಲ. ಎಳೆಯ ನಿದ್ದೆ, ತಪ್ಪು ಹೇಳಲಾರೆ. ನಾನೊಬ್ಬಳೇ ಶಾಲು ಹೊದ್ದು ಗೇಟಿನ ಹೊರಗೆ ನಿಂತೆ. ಮಂಜು ಹನಿಯುತ್ತಿತ್ತು. ಎಲೆಗಳು ಒಂದೊಂದೇ ಬೀಳುವುದು ಕೇಳಿಸುತ್ತಿತ್ತು. ಎರಡು ಬೈಕು ಹೋದವು, ಪೇಪರಿನವನು ಹೋದ. ಬೆಳಕು ಪೂರ್ತಿ ಹರಿಯುವವರೆಗೂ ಕಾದೆ.

ಹುಡುಗಿಯರು ಹೇಳಿದ್ದು ನಿಜ. ಈಗ ಯಾರೂ ಬರುವುದಿಲ್ಲ.