ಅತ್ತಿಗೆಯ ಗಾಡಿ ಮತ್ತು ನಾನು ಆರಿಸಿದ ಸ್ವಿಚ್ಚು

ಅತ್ತಿಗೆ ಪಾರ್ಕಿಗೆ ಬರಲು ಒಪ್ಪಿದ್ದು ಒಂದೇ ಒಂದು ಷರತ್ತಿನ ಮೇಲೆ.

"ನನ್ನನ್ನ ಯಾರೂ ಎತ್ತಬಾರದು, ತಳ್ಳಲೂಬಾರದು. ಆಗೋದಾದ್ರೆ ಬರ್ತೀನಿ, ಇಲ್ದಿದ್ರೆ ನೀವು ಮೂರು ಜನ ಹೋಗ್ಬನ್ನಿ."

ಅತ್ತಿಗೆ ಎಂದರೆ ನಮ್ಮೆಜಮಾನರ ಅಕ್ಕ. ಎರಡು ವರ್ಷದ ಮಗುವಾಗಿದ್ದಾಗ ಬಂದ ಪೋಲಿಯೋ ಅವರ ಎರಡೂ ಕಾಲಿನ ಬಲವನ್ನು ಕಿತ್ತುಕೊಂಡಿತ್ತು. ಇಪ್ಪತ್ತೈದು ವರ್ಷ ಕಬ್ಬಿಣದ ಪಟ್ಟಿ, ಊರುಗೋಲುಗಳಲ್ಲೇ ಆಫೀಸಿಗೆ ಹೋಗಿ ಬಂದವರು. ಭುಜ ಸೋತ ಮೇಲೆ ತಮ್ಮ ಸಂಬಳದಲ್ಲೇ ಬ್ಯಾಟರಿ ಗಾಲಿಕುರ್ಚಿ ಕೊಂಡಿದ್ದರು. ಮನೆಯಲ್ಲಿ ನಾವೆಲ್ಲ ಅದನ್ನು ಗಾಡಿ ಎನ್ನುತ್ತಿದ್ದೆವು. ಬಲಗೈಯ ಹತ್ತಿರ ಒಂದು ಪುಟ್ಟ ಕಡ್ಡಿ. ಅದನ್ನು ಎತ್ತ ವಾಲಿಸಿದರೆ ಅತ್ತ ಹೋಗುತ್ತಿತ್ತು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅವರು ಒಬ್ಬರೇ ತರಕಾರಿಗೆ ಹೊರಟ ಮೊದಲ ದಿನ, ನಾನು ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ ಅವರು ತಿರುವು ದಾಟುವ ತನಕ ನೋಡುತ್ತಾ ನಿಂತಿದ್ದೆ.

ಷರತ್ತಿಗೆ ಕಾರಣ ನನಗೆ ಗೊತ್ತಿತ್ತು. ಗಾಡಿ ಬರುವ ಮುಂಚೆ ಒಂದು ಮದುವೆಗೆ ಹೋದಾಗ, ವಿಜಯನಗರದ ಆ ಛತ್ರದಲ್ಲಿ ಊಟದ ಹಾಲ್ ಮಹಡಿಯ ಮೇಲಿತ್ತು. ನಾಲ್ಕು ಜನ ಗಂಡಸರು ಪ್ಲಾಸ್ಟಿಕ್ ಕುರ್ಚಿ ಸಮೇತ ಅತ್ತಿಗೆಯನ್ನು ಎತ್ತಿಕೊಂಡು ಹೊರಟರು. ಅರ್ಧ ಮೆಟ್ಟಿಲಲ್ಲಿ ಸೀರೆ ಜಾರಿ ಮೊಣಕಾಲಿನ ತನಕ ಕಬ್ಬಿಣದ ಪಟ್ಟಿ ಕಾಣಿಸಿತು. ಕೆಳಗಿನಿಂದ ಯಾರೋ "ಹುಷಾರು, ಸಾಮಾನು" ಎಂದರು. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬಹುದು. ಅಲ್ಲಿಂದಾಚೆ ಅತ್ತಿಗೆ ಯಾರ ಮದುವೆಗೂ ಹೋಗಲಿಲ್ಲ.

ಮೈಸೂರು ರಸ್ತೆಯಲ್ಲಿ, ಕೆಂಗೇರಿ ದಾಟಿ ಸಾಕಷ್ಟು ದೂರ ಹೋದ ಮೇಲೆ, ನೀರಾಟ, ತಿರುಗುವ ದೊಡ್ಡ ಚಕ್ರಗಳ ಆ ಪಾರ್ಕು ಸಿಗುತ್ತಿತ್ತು. ಶುರುವಾಗಿ ಒಂದೆರಡು ವರ್ಷವಾಗಿತ್ತಷ್ಟೆ. ದಸರಾ ರಜೆಯಲ್ಲಿ ಹತ್ತು ವರ್ಷದ ನಮ್ಮ ಮಗಳು, ಅತ್ತೆ ಬಂದರೆ ಮಾತ್ರ ತಾನೂ ಬರುವುದೆಂದು ಹಟ ಹಿಡಿದಳು. ನಮ್ಮವರು ಫೋನು ಮಾಡಿ ವಿಚಾರಿಸಿದರು. ಎಲ್ಲ ಕಡೆಯೂ ಗಾಡಿ ಹೋಗುವ ದಾರಿಯಿದೆ ಎಂದರಂತೆ. ಸ್ನೇಹಿತರೊಬ್ಬರ ಮಾರುತಿ ವ್ಯಾನಿನ ಹಿಂದಿನ ಸೀಟು ಬಿಚ್ಚಿಸಿ, ಗಾಡಿ ಹತ್ತಿಸಲು ಎರಡು ಹಲಗೆಗಳನ್ನು ಬಡಗಿಯಿಂದ ಮಾಡಿಸಿ ತಂದರು. ಎಲ್ಲವೂ ಸಿದ್ಧವಾಗಿತ್ತು.

ಹೊರಡುವ ದಿನ ಬೆಳಿಗ್ಗೆ ಐದಕ್ಕೆ ಡಿಕಾಕ್ಷನ್ ಹಾಕಲೆಂದು ಎದ್ದೆ. ಹಾಲ್ ದಾಟುವಾಗ ಏನೋ ಕೊರತೆ ಎನಿಸಿತು. ಟೀವಿಯ ಪಕ್ಕ ಗಾಡಿ ನಿಂತಿದೆ, ಚಾರ್ಜರ್ ಸಿಕ್ಕಿಸಿದೆ, ಆದರೆ ಅದರ ದೀಪ ಇಲ್ಲ. ಸ್ವಿಚ್ಚು ಆಫ್ ಆಗಿತ್ತು.

ಯಾರು ಆರಿಸಿದ್ದೆಂದು ಹುಡುಕಬೇಕಾಗಿರಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಕೊನೆಗೆ ಕೋಣೆ ಬಿಡುವವಳು ಎಲ್ಲ ಸ್ವಿಚ್ಚು ಆರಿಸಿ ಹೊರಡಬೇಕಿತ್ತು. ಹತ್ತು ವರ್ಷ ಕ್ಲಾಸಿನಲ್ಲಿ ಆ ಕೆಲಸ ನನ್ನದೇ. ಸಿಸ್ಟರ್ ಹಿಂದೆ ನಿಂತು ನೋಡುತ್ತಿದ್ದಾರೆ ಎಂಬಂತೆ ಇವತ್ತಿಗೂ ಮಲಗುವ ಮುಂಚೆ ನನ್ನ ಕೈ ಗೋಡೆಯ ಮೇಲೆ ತಾನಾಗಿಯೇ ಓಡುತ್ತದೆ. ಹಿಂದಿನ ರಾತ್ರಿಯೂ ಓಡಿತ್ತು.

ತಕ್ಷಣ ಸ್ವಿಚ್ಚು ಹಾಕಿದೆ. ಕಿತ್ತಳೆ ದೀಪ ಹತ್ತಿತು. ಬ್ಯಾಟರಿ ತುಂಬಿದಾಗ ಅದು ಹಸಿರಾಗಬೇಕು. ಖಾಲಿಯಾದ ಗಾಡಿಗೆ ಎಂಟು ಗಂಟೆ ಬೇಕು. ಹೊರಡಲು ಉಳಿದಿದ್ದದ್ದು ಮೂರು.

ಪುಳಿಯೋಗರೆ ಕಲೆಸುವಾಗ ನಾಲ್ಕು ಸಲ ಹೋಗಿ ನೋಡಿ ಬಂದೆ. ಕಿತ್ತಳೆಯೇ. ಎಂಟಕ್ಕೆ ಬಚ್ಚಲಿನಿಂದ ಅತ್ತಿಗೆಯ ಧ್ವನಿ ಬಂತು. "ಹಸಿರು ಬಂತಾ?"

"ಹೂಂ" ಎಂದೆ.

ಅಂದ ಮೇಲೆ ಚಾರ್ಜರನ್ನು ಕಿತ್ತು, ಸುತ್ತಿ, ಪುಳಿಯೋಗರೆ ಡಬ್ಬಿಯ ಕೆಳಗೆ ಬುಟ್ಟಿಯಲ್ಲಿಟ್ಟೆ. ನಿಜ ಹೇಳಿದ್ದರೆ ಅತ್ತಿಗೆ ಉಳಿದುಬಿಡುತ್ತಿದ್ದರು, ಮಗಳು ಅಳುತ್ತಿದ್ದಳು. ಹಾಗೆಂದು ಆಗ ನನಗೆ ನಾನೇ ಹೇಳಿಕೊಂಡೆ. ನನ್ನ ತಪ್ಪು ಬಯಲಾಗುವುದು ಬೇಡವಾಗಿತ್ತು ಎನ್ನುವುದೂ ಅಷ್ಟೇ ನಿಜ.

ದಾರಿಯಲ್ಲಿ ಅತ್ತಿಗೆ ಬಹಳ ಗೆಲುವಾಗಿದ್ದರು. ಕೆಂಗೇರಿಯಲ್ಲಿ ಕಾಫಿಗೆ ನಿಲ್ಲಿಸಲಾ ಎಂದು ನಮ್ಮವರು ಕೇಳಿದ್ದಕ್ಕೆ ಬೇಡ ಎಂದರು. ಗಾಡಿ ಒಳಗೆ ಹೋಗುವಂಥ ಬಚ್ಚಲನ್ನು ಕಣ್ಣಾರೆ ಕಾಣುವ ತನಕ ಅವರು ನೀರನ್ನೂ ಕುಡಿಯುತ್ತಿರಲಿಲ್ಲ. ನಾನು ಗಾಡಿಯ ಕಡ್ಡಿಯ ಬಳಿಯ ದೀಪಗಳ ಬಗ್ಗೆಯೇ ಯೋಚಿಸುತ್ತಿದ್ದೆ. ಎಷ್ಟು ಚಾರ್ಜ್ ಉಳಿದಿದೆ ಎಂದು ತೋರಿಸಲು ಹಸಿರು, ಹಳದಿ, ಕೆಂಪು ಎಂದು ಅಲ್ಲೊಂದು ಸಾಲಿದೆ. ಬೆಳಿಗ್ಗೆ ಅಷ್ಟೂ ಹತ್ತಿದ್ದವು. ಆದರೆ ನಿಂತ ಗಾಡಿ ಯಾವಾಗಲೂ ಹೆಚ್ಚೇ ತೋರಿಸುತ್ತದೆ, ಏರು ಬಂದಾಗಲೇ ನಿಜ ಹೇಳುವುದು ಎಂದು ಹಿಂದೊಮ್ಮೆ ಅವರೇ ಹೇಳಿದ್ದರು.

ಗೇಟಿನಲ್ಲಿ ಮೊದಲ ಪೆಟ್ಟು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಸೆಕ್ಯೂರಿಟಿಯವರು ಬುಟ್ಟಿಯನ್ನು ಕೌಂಟರಿನಲ್ಲಿ ಇಡಿಸಿ ಟೋಕನ್ ಕೊಟ್ಟರು. ಚಾರ್ಜರ್ ಅದರ ತಳದಲ್ಲಿತ್ತು. ಅತ್ತಿಗೆ ಪಕ್ಕದಲ್ಲೇ ಇದ್ದರು. ಅವರೆದುರಿಗೆ ಅದನ್ನು ಹೊರಗೆ ತೆಗೆಯುವ ಧೈರ್ಯ ನನಗೆ ಬರಲಿಲ್ಲ. ಬುಟ್ಟಿ ಕಪಾಟಿಗೆ ಹೋಯಿತು. ಟೋಕನ್ನನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡೆ.

ಒಳಗೆ ಹೋದ ಮೇಲೆ ಅತ್ತಿಗೆ ನಮ್ಮನ್ನು ಕಾಯಲಿಲ್ಲ. ಮಗಳನ್ನು ಕರೆದುಕೊಂಡು ಮುಂದೆ ಮುಂದೆ ಹೋದರು. ವೇಗದ ಗುಂಡಿಯನ್ನು ಮೊಲದ ಚಿತ್ರದ ಕಡೆ ಪೂರ್ತಿ ತಿರುಗಿಸಿದ್ದರು. ಮಗಳು ನೀರಿನ ಜಾರುಬಂಡೆಗೆ ಹೋದಾಗ ಅವಳ ಚಪ್ಪಲಿ, ಹೇರ್‌ಬ್ಯಾಂಡ್ ಎಲ್ಲ ಅತ್ತಿಗೆಯ ಮಡಿಲಿನಲ್ಲಿ. ಅಗಲ ಬಾಗಿಲಿನ ಬಚ್ಚಲೊಂದು ಸಿಕ್ಕಿದ್ದೇ ಎರಡು ಲೋಟ ಕಾಫಿ ಕುಡಿದರು. ಕಾಲೇಜು ಹುಡುಗರ ಗುಂಪೊಂದು ಗಾಡಿಯನ್ನು ಸುತ್ತುವರಿಯಿತು. "ಆಂಟಿ, ಇದು ಪೆಟ್ರೋಲಾ?" ಎಂದು ಒಬ್ಬ ಕೇಳಿದ.

"ಇಲ್ಲಪ್ಪ, ಕೆಳಗಡೆ ಎರಡು ಎತ್ತು ಕಟ್ಟಿದೀನಿ. ಬಗ್ಗಿ ನೋಡು."

ಅವನು ನಿಜಕ್ಕೂ ಬಗ್ಗಿದ. ಅವನ ಜೊತೆಯವರು "ಮೇವು ಹಾಕು ಗುರು" ಎಂದು ಬೆನ್ನಿಗೆ ಗುದ್ದಿದರು. ಅತ್ತಿಗೆ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಕಣ್ಣು ಮಾತ್ರ ದೀಪದ ಸಾಲಿನ ಮೇಲಿತ್ತು. ಹಸಿರು ಒಂದು ಕಡಿಮೆಯಾಗಿತ್ತು. ಊಟದ ಹೊತ್ತಿಗೆ ಇನ್ನೊಂದು.

ಊಟವಾದ ಮೇಲೆ ಮಗಳು ಮೇಲಿನ ಭಾಗದಲ್ಲಿದ್ದ ದೊಡ್ಡ ಚಕ್ರ ತೋರಿಸಿದಳು. ಅಲ್ಲಿಗೆ ಮೂವತ್ತು ಮೆಟ್ಟಿಲು. ಇಲ್ಲವಾದರೆ ಪಾರ್ಕಿನ ಸಾಮಾನು ಗಾಡಿಗಳು ಓಡಾಡುವ ಉದ್ದನೆಯ ಏರುದಾರಿ. ಅತ್ತಿಗೆ ಆ ದಾರಿಯ ಕಡೆ ತಿರುಗಿದರು. ಬಿಸಿಲು ಜೋರಾಗಿದೆ, ಆಮೇಲೆ ಹೋಗೋಣ ಎಂದೆ.

"ಬಿಸಿಲಾದ್ರೆ ನೀನಿಲ್ಲೇ ಕೂತಿರು. ನಾನು ಇವಳು ಹೋಗ್ತೀವಿ" ಎಂದರು. ಹೊರಟೇಬಿಟ್ಟರು.

ಅರ್ಧ ಏರಿನಲ್ಲಿ ಗಾಡಿಯ ಸದ್ದು ಬದಲಾಯಿತು. ಮಿಕ್ಸಿಯಲ್ಲಿ ಕಾಯಿತುರಿ ಸಿಕ್ಕಿಕೊಂಡಾಗ ಬರುವಂಥ, ಕೆಳದನಿಯ ಒಂದು ನರಳಾಟ. ಮೊಲದ ವೇಗ ಹೋಗಿ ನನ್ನ ನಡಿಗೆಗಿಂತ ನಿಧಾನವಾಯಿತು. ಹಳದಿಯೂ ಆರಿತು. ಮೇಲೆ ಮುಟ್ಟುವಾಗ ಕೆಂಪು ಒಂದೇ ಉಳಿದು ಮಿಟುಕುತ್ತಿತ್ತು.

ನಮ್ಮವರು ನೋಡಿದ ತಕ್ಷಣ ಇಬ್ಬರು ಸೆಕ್ಯೂರಿಟಿಯವರನ್ನು ಕರೆದುಕೊಂಡು ಬಂದರು. ಇಬ್ಬರೂ ಗಟ್ಟಿಮುಟ್ಟಾದವರು, ಮರ್ಯಾದೆಯವರು. ಮೆಟ್ಟಿಲ ಮೇಲೆ ಎರಡು ನಿಮಿಷದ ಕೆಲಸ ಮೇಡಂ, ಹೂವಿನ ಹಾಗೆ ಇಳಿಸ್ತೀವಿ ಎಂದರು. ನಮ್ಮವರು ಅಕ್ಕನ ಮುಖ ನೋಡದೆ, ಬೇರೆ ದಾರಿಯಿಲ್ಲ ಎಂದು ನೆಲಕ್ಕೆ ಹೇಳಿದರು.

ಅತ್ತಿಗೆ ದೀಪವನ್ನು ನೋಡುತ್ತಾ ಕೂತಿದ್ದರು. "ರಾತ್ರಿಯೆಲ್ಲ ಚಾರ್ಜ್ ಆಗಿದೆ. ಆದ್ರೂ ಹೀಗೆ ಅಂದ್ರೆ ಬ್ಯಾಟರಿನೇ ಹೋಗಿದೆ. ಇದನ್ನೂ ನಂಬ್ಕೊಂಡು ಹೊರಗೆ ಬರೋ ಹಾಗಿಲ್ಲ ಬಿಡು" ಎಂದರು. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ.

ಆಮೇಲೆ ಬಗ್ಗಿ, ಸೀರೆಯ ನಿರಿಗೆಯನ್ನು ಒಟ್ಟಿಗೆ ಹಿಡಿದು ಎರಡು ಮೊಣಕಾಲಿನ ನಡುವೆ ಬಿಗಿಯಾಗಿ ಸಿಕ್ಕಿಸಿಕೊಳ್ಳತೊಡಗಿದರು. ಸೆರಗನ್ನು ಸೊಂಟಕ್ಕೆ ಸುತ್ತಿದರು. ಎತ್ತುವವರಿಗೆ ಸಿದ್ಧವಾಗುವುದು ಎಂದರೆ ಇದು. ಎಷ್ಟು ಸಲ ಮಾಡಿದ್ದರೋ, ಆ ಬೆರಳುಗಳಿಗೆ ಯೋಚನೆಯೇ ಬೇಕಾಗಿರಲಿಲ್ಲ.

"ಅತ್ತಿಗೆ, ಬ್ಯಾಟರಿ ಚೆನ್ನಾಗಿದೆ" ಎಂದೆ. "ರಾತ್ರಿ ಸ್ವಿಚ್ ಆರಿಸಿದ್ದು ನಾನು."

ಬೆರಳು ನಿಂತವು.

"ಎಷ್ಟು ಹೊತ್ತಿಗೆ?"

"ಹತ್ತಕ್ಕಿರಬೇಕು. ಬೆಳಿಗ್ಗೆ ಐದಕ್ಕೆ ಮತ್ತೆ ಹಾಕ್ದೆ."

"ತೆಗೆದಿದ್ದು?"

"ಎಂಟಕ್ಕೆ."

ಅವರು ಮನಸ್ಸಿನಲ್ಲೇ ಕೂಡಿಸಿದರು. ರಾತ್ರಿ ಅವರು ಸಿಕ್ಕಿಸಿದ್ದು ಎಂಟಕ್ಕೆ, ಹಾಗಾಗಿ ಎರಡು ಗಂಟೆ, ಬೆಳಿಗ್ಗೆ ಮೂರು. "ಐದು ಗಂಟೆ ಕುಡಿದು ಇಷ್ಟು ದೂರ ಬಂದಿದೆ. ಹಾಗಾದ್ರೆ ಗಾಡಿದೇನೂ ತಪ್ಪಿಲ್ಲ" ಎಂದರು. ಒಂದು ಕ್ಷಣ ಅವರ ಮುಖ ಸಡಿಲವಾಯಿತು. ಆಮೇಲೆ ನನ್ನ ಕಡೆ ತಿರುಗಿದರು.

"ಹಸಿರು ಬಂತು ಅಂದ್ಯಲ್ಲ."

ಸೆಕ್ಯೂರಿಟಿಯವರಿಬ್ಬರು ಬೇರೆಲ್ಲೋ ನೋಡುತ್ತಿದ್ದರು. ಮಗಳು ನನ್ನ ಸೆರಗನ್ನು ಬಿಟ್ಟು ಅತ್ತೆಯ ಪಕ್ಕಕ್ಕೆ ಹೋಗಿ ನಿಂತಳು.

"ನಾನು ಎಷ್ಟು ದೂರ ಹೋಗ್ಬಹುದು ಅಂತ ನನಗೆ ಗೊತ್ತಿರ್ಬೇಕು ಕಣೇ" ಎಂದರು ಅತ್ತಿಗೆ. "ನಿನಗೊಬ್ಬಳಿಗೇ ಗೊತ್ತಿದ್ರೆ ಇದು ನನ್ನ ಗಾಡಿ ಅಲ್ಲ, ನಿಂದು. ಗೊತ್ತಿದ್ದಿದ್ರೆ ನಾನು ಈ ಏರು ಹತ್ತುತ್ತಲೇ ಇರ್ಲಿಲ್ಲ."

ಆ ಮಾತಿಗೆ ನಾನು ಅತ್ತಿದ್ದರೆ ಎಲ್ಲರೂ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಅದೊಂದು ಬುದ್ಧಿ ಆ ಹೊತ್ತಿಗೆ ಬಂತು. ಚಾರ್ಜರ್ ಕೆಳಗಿನ ಕೌಂಟರಿನಲ್ಲಿ, ಬುಟ್ಟಿಯ ತಳದಲ್ಲಿದೆ ಎಂದೆ.

ಅವರು ನಿರಿಗೆಯನ್ನು ಬಿಚ್ಚಿ ಕಾಲ ಮೇಲೆ ಹರಡಿಕೊಂಡರು. "ನೀವು ಹೋಗಿಪ್ಪ, ಎತ್ತೋದು ಬೇಡ" ಎಂದು ಆ ಇಬ್ಬರಿಗೆ ಕೈಮುಗಿದರು. ತಮ್ಮನ ಕಡೆ ತಿರುಗಿ, ಬಂದ ದಾರಿಯಲ್ಲೇ ಇಳಿಯುತ್ತೇನೆ, ಇಳಿಜಾರಿನಲ್ಲಿ ಗಾಡಿ ಕಡಿಮೆ ಕುಡಿಯುತ್ತದೆ, ಚಾರ್ಜ್ ಮುಗಿದರೆ ಚಕ್ರ ತಾನೇ ಹಿಡಿದುಕೊಂಡು ನಿಲ್ಲುತ್ತದೆ, ಉರುಳುವುದಿಲ್ಲ ಎಂದು ವಿವರಿಸಿದರು. ನಿಂತಲ್ಲಿ ನಿಂತಿರುತ್ತೇನೆ, ಯಾರೂ ಮುಟ್ಟಬೇಡಿ ಎಂದರು. ನನಗೆ ಹೇಳಿದ್ದು ಒಂದೇ ಮಾತು. "ಚಾರ್ಜರ್ ತಗೊಂಬಾ."

ಮೂವತ್ತು ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಕರವಸ್ತ್ರದ ಗಂಟು ಬೆವರಿಗೆ ಬಿಗಿದು ಬಿಚ್ಚಲೇ ಇಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಗಾಜಿನಾಚೆ ನಮ್ಮ ಹಸಿರು ಬುಟ್ಟಿ ಕಾಣುತ್ತಿತ್ತು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬಂದ ಹೆಂಗಸು, ತಿಂಡಿ ಒಳಗೆ ಒಯ್ಯುವ ಹಾಗಿಲ್ಲ ಎಂದು ಶುರುಮಾಡಿದರು. ನಾನು ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು, ಚಾರ್ಜರನ್ನು ಎತ್ತಿಕೊಂಡು ತಿರುಗಿದೆ.

ಏರುದಾರಿಯ ಕೆಳಗಿನಿಂದ ಮೇಲಕ್ಕೆ ನಡೆಯುತ್ತಾ ಬಂದೆ. ಪ್ರತಿ ತಿರುವಿನಲ್ಲೂ, ಇಲ್ಲಿ ಇಲ್ಲ, ಅಂದರೆ ಇನ್ನೂ ಮೇಲೆಯೇ ನಿಂತುಹೋಗಿದ್ದಾರೆ ಎನ್ನಿಸುತ್ತಿತ್ತು. ಮಧ್ಯದಾರಿಯಲ್ಲೊಂದು ಬೇಯಿಸಿದ ಜೋಳ ಮಾರುವ ಗೂಡಂಗಡಿಯಿತ್ತು. ಅದರಿಂದ ಹತ್ತು ಹೆಜ್ಜೆ ಮೇಲೆ, ದಾರಿಯ ನಟ್ಟನಡುವೆ ಅತ್ತಿಗೆಯ ಗಾಡಿ ನಿಂತಿತ್ತು. ದೀಪ ಒಂದೂ ಇರಲಿಲ್ಲ. ನಮ್ಮವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದರು. ಕೈಯನ್ನು ಹಾಗೆ ಹಿಡಿದಿಟ್ಟುಕೊಳ್ಳುವುದು ಅವರಿಗೆಷ್ಟು ಕಷ್ಟವೋ ಅವರ ಕುತ್ತಿಗೆ ನೋಡಿದರೆ ತಿಳಿಯುತ್ತಿತ್ತು.

ಅಂಗಡಿಯ ಹೆಂಗಸು ಉತ್ತರ ಕರ್ನಾಟಕದ ಕಡೆಯವರು. ಹತ್ತು ಹೆಜ್ಜೆ ತಳ್ಳಿದರೆ ಮುಗಿಯುವ ಕೆಲಸಕ್ಕೆ ಯಾಕಿಷ್ಟು ಪಂಚಾಯ್ತಿ ಎಂದು ಮೊದಲು ಕೇಳಿದ್ದರಂತೆ. ಅತ್ತಿಗೆ ಏನು ಹೇಳಿದರೋ, ನಾನು ಬರುವಾಗ ಆಕೆ ಜೋಳದ ಪಾತ್ರೆಯ ಪ್ಲಗ್ಗು ಕಿತ್ತು, ಉದ್ದನೆಯ ವೈರಿನ ಬೋರ್ಡೊಂದನ್ನು ದಾರಿಯ ಮೇಲೆ ಎಳೆದು ತರುತ್ತಿದ್ದರು.

"ಜ್ವಾಳ ತಣ್ಣಗಾದ್ರ ಮತ್ತ ಬಿಸಿ ಮಾಡಿದ್ರಾತು. ಹಾಕ್ರಿ ಅಕ್ಕಾರ" ಎಂದರು.

ವೈರು ಗಾಡಿಯ ಕಾಲಿನ ತನಕ ಬಂತು. ನಾನು ಮಂಡಿಯೂರಿ ಚಾರ್ಜರ್ ಸಿಕ್ಕಿಸಿದೆ. ಕಿತ್ತಳೆ ದೀಪ ಹತ್ತಿತು. ಅಲ್ಲೇ ರಸ್ತೆಯಂಚಿನ ಕಲ್ಲಿನ ಮೇಲೆ ಕೂತೆ. ನಮ್ಮವರೂ ಮಗಳೂ ದೊಡ್ಡ ಚಕ್ರಕ್ಕೆ ಹೋದರು. ಒಂದೂವರೆ ಗಂಟೆ ಅತ್ತಿಗೆ ಹೋಗಿಬರುವವರನ್ನು ನೋಡುತ್ತಿದ್ದರು, ನಾನು ಕಿತ್ತಳೆ ದೀಪವನ್ನು. ಸಾಮಾನು ಗಾಡಿಯೊಂದು ಬಂತು. ಅಂಗಡಿಯ ಹೆಂಗಸು ಅದನ್ನು ಬಳಸಿಕೊಂಡು ಹೋಗುವಂತೆ ಕೈ ಬೀಸಿದರು. ಒಮ್ಮೆ ಅತ್ತಿಗೆ ಜೋಳದ ಅರ್ಧ ತೆನೆ ಮುರಿದು ನನ್ನ ಕಡೆ ನೀಡಿದರು, ಮುಖ ಮಾತ್ರ ಆ ಕಡೆಯೇ ಇತ್ತು.

ನಾಲ್ಕೂವರೆಗೆ ಅವರು ಗಾಡಿ ಚಾಲೂ ಮಾಡಿ ನೋಡಿದರು. ಹಳದಿ ಬಂದಿತ್ತು. ಗೇಟಿನ ತನಕ ಸಾಕು ಎಂದರು. ಮೇಲಿನಿಂದ ನಮ್ಮವರೂ ಮಗಳೂ ಇಳಿದು ಬರುವುದು ಕಾಣಿಸಿತು. ನಾನು ಎದ್ದೆ. ನನ್ನ ಕೈ ಅಭ್ಯಾಸದಂತೆ ಬೋರ್ಡಿನ ಸ್ವಿಚ್ಚಿನ ಕಡೆ ಹೋಯಿತು. ಬೆರಳು ಮುಟ್ಟುವ ಮೊದಲೇ ತಡೆದು ನಿಂತೆ.

"ಆರಿಸ್ಲಾ?" ಎಂದೆ.

ಅತ್ತಿಗೆ ದೀಪವನ್ನು ಇನ್ನೊಮ್ಮೆ ನೋಡಿದರು. ಅವಸರ ಮಾಡಲಿಲ್ಲ.

"ಹೂಂ. ಈಗ ಆರಿಸು."

ಗೇಟಿನ ತನಕ ನಾನು ಅವರ ಹಿಂದೆ ನಡೆದೆ, ಮೂರು ಹೆಜ್ಜೆ ಬಿಟ್ಟು. ಆಮೆಯ ವೇಗ. ವ್ಯಾನಿನ ಸೀಟಿಗೆ ಅವರು ಕೈಯೂರಿ ತಾವೇ ಸರಿದುಕೊಂಡರು. ಕೌಂಟರಿನಿಂದ ವಾಪಸು ತಂದ ಡಬ್ಬಿಯಲ್ಲಿ ಪುಳಿಯೋಗರೆ ಹಾಗೇ ಇತ್ತು. ಕೆಂಗೇರಿ ಬರುವ ತನಕ ಯಾರೂ ಅದನ್ನು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಹಾಲಿಗೆ ಬಂದರೆ ಟೀವಿ ಪಕ್ಕದ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರನ್ನು ಅಡ್ಡಲಾಗಿ, ಎರಡು ಪದರ, ಅಂಟಿಸಿತ್ತು. ಅತ್ತಿಗೆಯ ಕೈಗೆಟುಕುವ ಎತ್ತರವೇ ಅದು. ಕೆಳಗೆ ಚಾರ್ಜರಿನ ದೀಪ ಹಸಿರಾಗಿತ್ತು. ನಾನು ಅವರ ಬಾಗಿಲಿಗೆ ಹೋಗಿ, ಅವರು ಕೇಳದಿದ್ದರೂ, ಹಸಿರು ಬಂದಿದೆ ಎಂದು ಹೇಳಿದೆ.

"ನೋಡ್ದೆ" ಎಂದರು ಒಳಗಿನಿಂದ. ಆಮೇಲೆ, "ಕಾಫಿ ಆಯ್ತಾ?" ಎಂದರು.