ನಕ್ಷೆಯಲ್ಲಿ ನನ್ನದೊಂದು ಚೌಕ

ರಾಯದುರ್ಗದ ಒಂದು ಜೀನ್ಸ್ ಪ್ಯಾಂಟ್ ಹೊಲಿಯುವ ಕಂಪನಿಯಲ್ಲಿ ನಾನು ಹದಿನೆಂಟು ವರ್ಷದಿಂದ ಸೂಪರ್‌ವೈಸರ್. ಅಲ್ಲಿ ನಾನು ಮಾಡುವ ಕೆಲಸ ಯಾವುದೆಂದು ಮೊನ್ನೆಯವರೆಗೆ ನನಗೇ ಗೊತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ಬೆಂಗಳೂರಿನ ಹೊಸ ಗಿರಾಕಿಯೊಬ್ಬರು, ಆರ್ಡರ್ ಕೊಡುವ ಮೊದಲು, ನಿಮ್ಮಲ್ಲಿ ಯಾವ ಕೆಲಸ ಯಾರಿಂದ ಯಾರಿಗೆ ಹೋಗುತ್ತದೆ ಎಂಬುದರ ನಕ್ಷೆ ಬೇಕು ಎಂದರು. ಸಾವ್ಕಾರರು ನನ್ನನ್ನು ಕರೆದು, "ನೀವ ಬರೀರಿ, ಹೆಂಗೂ ನಿಮ್ಮ ಕೈ ಖಾಲಿ ಐತಲ್ಲ" ಅಂದರು. ನಗುತ್ತಲೇ ಅಂದರು. ನನಗೆ ಮಾತ್ರ ಎರಡು ಹೊತ್ತು ಊಟ ಸೇರಲಿಲ್ಲ.

ಹಾಳೆ ಹಿಡಿದು ಕೂತೆ. ಕಟಿಂಗಿಗೆ ಒಂದು ಚೌಕ, ಜೇಬಿಗೆ ಒಂದು, ಕಾಲು ಜೋಡಿಸುವುದಕ್ಕೆ, ಜಿಪ್ಪಿಗೆ, ಗುಂಡಿಗೆ ಒಂದೊಂದು. ನಡುವೆ ಬಾಣಗಳು. ಕೊನೆಗೆ ನನ್ನ ಚೌಕ. ಅದರೊಳಗೆ ಏನು ಬರೆಯಲಿ? ತಿರುಗಾಡುವುದು? 'ಯಾಕ ಹಿಂಗಾತು' ಎಂದು ಕೇಳುವುದು? ಆದಿಶೇಷನಿಗೂ ಇದೇ ಕಷ್ಟ ಬರುತ್ತಿತ್ತು ಅನ್ನಿಸಿತು. ಭೂಮಿ ಹೊತ್ತವನು ನಿಜ, ಆದರೆ ನೋಡುವವರ ಕಣ್ಣಿಗೆ ಸುಮ್ಮನೆ ಸುತ್ತಿಕೊಂಡು ಮಲಗಿದವನೇ. ನನ್ನ ತಲೆಯ ಮೇಲೆ ಭೂಮಿಯೂ ಇಲ್ಲ. ಈ ಚೌಕ ಖಾಲಿ ಹೋದರೆ ಬೆಂಗಳೂರಿನವರು ಅದನ್ನು ಹೊಡೆದು ಹಾಕುತ್ತಾರೆ, ಜೊತೆಗೆ ನನ್ನನ್ನೂ.

ನನ್ನ ಕೆಲಸ ಎಲ್ಲಾದರೂ ಸಿಕ್ಕೀತೆಂದು, ಕತ್ತರಿಸಿದ ಬಟ್ಟೆಯ ಒಂದು ಕಟ್ಟಿನ ಹಿಂದೆಯೇ ನಡೆದೆ. ಅದು ಜೇಬಿನವರ ಹತ್ತಿರ ಹೋಗದೆ, ನೆಟ್ಟಗೆ ಕೊನೆಯ ಸಾಲಿನಲ್ಲಿ ಗುಂಡಿ ಹಾಕುವ ಲಕ್ಷ್ಮಕ್ಕನ ಮುಂದೆ ಹೋಗಿ ಕೂತಿತು.

"ಇದು ಇಲ್ಲಿಗ್ಯಾಕ ಬಂತು ಲಕ್ಷ್ಮಕ್ಕಾ?"

"ಬಣ್ಣ ನೋಡಾಕ್ರಿ. ಕಿಟಕಿ ನನ್ನ ಹತ್ರ ಐತಿ. ಒಂದ್ ರೋಲಿನ ನೀಲಿ ಇನ್ನೊಂದ್ರಾಗ ಇರಂಗಿಲ್ಲ."

"ನೋಡು ಅಂತ ಯಾರು ಹೇಳಿದ್ರು?"

"ಯಾರ್ ಹೇಳ್ಬೇಕ್ರಿ? ನನಗ ಕಣ್ಣಿಲ್ಲೇನು?"

ನಮ್ಮ ಪಕ್ಕದ ಗುಮ್ಮಘಟ್ಟದ ಕಡೆ ಸರ್ಕಾರದ ನಕ್ಷೆಯಲ್ಲಿರುವ ದಾರಿ ಒಂದು, ಕುರಿಗಳು ತುಳಿದ ದಾರಿ ಇನ್ನೊಂದು. ಊರವರು ನಡೆಯುವುದು ಎರಡನೆಯದರಲ್ಲೇ. ಇದೆಲ್ಲ ಗೊತ್ತಿದ್ದ ನಾನು ಮಾಡಿದ್ದೇನು? ಕಟಿಂಗಿನಿಂದ ಲಕ್ಷ್ಮಕ್ಕನಿಗೆ ಹೋಗಿ ಮತ್ತೆ ಜೇಬಿನವರ ಹತ್ತಿರ ಬರುವ ಬಾಣವನ್ನು ಮೊದಲು ಎಳೆದೆ, ಆಮೇಲೆ ಅದನ್ನು ನೋಡಿದರೆ ಬೆಂಗಳೂರಿನವರು ನಕ್ಕಾರು ಎಂದು ಹೆದರಿ ಅಳಿಸಿಬಿಟ್ಟೆ. ನನ್ನ ಚೌಕದಲ್ಲಿ 'ಉಸ್ತುವಾರಿ' ಎಂದು ಬರೆದೆ. ತೂಕದ ಪದ. ಅದಕ್ಕೆ ಒಳಗೆ ಬರುವ ಬಾಣವೂ ಇಲ್ಲ, ಹೊರಗೆ ಹೋಗುವ ಬಾಣವೂ ಇಲ್ಲ.

ಸಾವ್ಕಾರರಿಗೆ ನಕ್ಷೆ ಬಹಳ ಹಿಡಿಸಿತು. ಒಂದು ಪ್ರತಿ ಬೆಂಗಳೂರಿಗೆ ಹೋಯಿತು, ಇನ್ನೊಂದು ಗೋಡೆಗೆ ಏರಿತು. ಅವತ್ತು ಶುಕ್ರವಾರ, ಮಿಷಿನ್ನುಗಳಿಗೆ ಕುಂಕುಮ ಇಡುತ್ತಾ ಬಂದ ಸಾವ್ಕಾರರು ಹಾಳೆಗೂ ಒಂದು ಬೊಟ್ಟು ಇಟ್ಟರು. ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಕುಂಕುಮ ಬಿದ್ದದ್ದನ್ನು ಯಾರೂ ಮೀರುವುದಿಲ್ಲ. ಗಿರಾಕಿಗೆ ತೋರಿಸಲು ಹೊಲಿದ ಮಾದರಿ ಪ್ಯಾಂಟುಗಳು ಬಾಣ ತೋರಿಸಿದಂತೆಯೇ ನಡೆದು, ಬಳ್ಳಾರಿಯಲ್ಲಿ ವಾಷಿಂಗ್ ಮುಗಿಸಿಕೊಂಡು ಬಂದವು. ಬಿಚ್ಚಿ ನೋಡಿದರೆ ಒಂದು ಕಾಲು ಆಕಾಶದ ಬಣ್ಣ, ಇನ್ನೊಂದು ಬದನೆಕಾಯಿಯದು.

"ನೀನು ನೋಡಲಿಲ್ಲೇನು ಲಕ್ಷ್ಮಕ್ಕಾ?"

"ಹಾಳ್ಯಾಗ ಇಲ್ಲಲ್ರಿ. ಕುಂಕುಮ ಬ್ಯಾರೆ ಇಟ್ಟಾರ."

ಅಷ್ಟರಲ್ಲಿ ಮಾದರಿ ನೋಡಲು ಬೆಂಗಳೂರಿನ ಗಿರಾಕಿ ಮೇಡಂ ಕಾರಿನಿಂದ ಇಳಿದೇಬಿಟ್ಟರು. ಮುಚ್ಚಿಡಲು ಪ್ಯಾಂಟೇನು ಕರವಸ್ತ್ರವೇ? ಅಳಿಸಿದ ಬಾಣದ ಕಥೆ ಒಪ್ಪಿಸಿದೆ. ಅವರು ಬೈಯಲಿಲ್ಲ, ಪೆನ್ನು ಕೊಟ್ಟು, ಆ ಬಾಣ ಮತ್ತೆ ಎಳೆಯಿರಿ ಎಂದರು. ಎಳೆದೆ. ಆಮೇಲೆ ನನ್ನ ಚೌಕದ ಮೇಲೆ ಬೆರಳಿಟ್ಟು ಕೇಳಿದರು: "ಉಸ್ತುವಾರಿ ಅಂದ್ರೆ ಏನ್ಮಾಡ್ತೀರಿ?"

ಹಿಂದಿನಿಂದ ಲಕ್ಷ್ಮಕ್ಕ ಅಂದಳು: "ನಮ್ಮೆಲ್ಲರ ಪರವಾಗಿ ಚಿಂತಿ ಮಾಡ್ತಾರ್ರಿ ಮೇಡಂ. ದಾರ ಮುಗೀತೇನು, ಸೂಜಿ ಮುರೀತೇನು ಅಂತ ದಿನಾ ಎಲ್ಲಾರ ಹತ್ರ ಬರ್ತಾರ. ಅವರು ಮಾಡ್ತಾರಂತ ನಾವು ಮಾಡಂಗಿಲ್ಲ. ಹೊಲ್ಕೊಂತ ಇರ್ತೀವಿ."

ಎಲ್ಲರೂ ಹೋ ಎಂದು ನಕ್ಕರು. ಮೇಡಂ ನಗುತ್ತಲೇ 'ಉಸ್ತುವಾರಿ' ಹೊಡೆದು ಹಾಕಿ 'ಚಿಂತೆ' ಎಂದು ಬರೆದು, ಅಲ್ಲಿಂದ ಪ್ರತಿಯೊಂದು ಚೌಕಕ್ಕೂ ಬಾಣ ಎಳೆದರು. ಮಾದರಿ ಮತ್ತೆ ಹೊಲಿದೆವು; ಆರ್ಡರೂ ಬಂತು.

ಚಿಂತೆಗೆ ಕಂಪನಿಯಲ್ಲಿ ಜಾಗ ಗೊತ್ತಾದ ಮೇಲೆ ಅದು ನನ್ನ ಹಿಂದೆ ಮನೆತನಕ ಬರುವುದು ಕಡಿಮೆಯಾಗಿದೆ. ಬಂದರೂ ನಮ್ಮ ಮನೆಯವಳು ನಿಲ್ಲಗೊಡುವುದಿಲ್ಲ. ಕಳೆದ ಭಾನುವಾರ ಗ್ಯಾಸ್ ಮುಗಿದೀತೆಂದು ಹಿತ್ತಿಲಲ್ಲಿಟ್ಟ ಸಿಲಿಂಡರ್ ಅಲ್ಲಾಡಿಸುತ್ತಾ ನಿಂತಿದ್ದೆ. ಅವಳು ಅಡುಗೆಮನೆಯಿಂದಲೇ ಅಂದಳು: "ಬಿಡ್ರಿ, ಇವತ್ತು ನಿಮಗ ರಜಾ."