ಆಚೆ ತೋಪಿನ ಟಾರ್ಪಾಲು

ಅಟ್ಟದಿಂದ ಇಳಿಸಿದ ಟಾರ್ಪಾಲಿನ ಮಡಿಕೆ ಬಿಚ್ಚಿದ ಕೂಡಲೇ ಆ ವಾಸನೆ ಬಂತು. ಮಾವಿನ ಸೊನೆ, ಒಲೆಯ ಹೊಗೆ, ಮಳೆಯಲ್ಲಿ ನೆಂದು ಬಿಸಿಲಲ್ಲಿ ಒಣಗಿದ ದಪ್ಪ ಬಟ್ಟೆ... ಎಲ್ಲ ಸೇರಿದ ಹಳೆಯ ಘಾಟು. ಇಷ್ಟು ವರ್ಷವಾದರೂ ಆ ವಾಸನೆ ಮೂಗಿಗೆ ಬಡಿದರೆ ನನ್ನ ಹೊಟ್ಟೆಯೊಳಗೆ ಚುರ್ ಎನ್ನುತ್ತದೆ. ಅದು ದುಃಖ ಎಂದು ಬರೆದುಬಿಟ್ಟರೆ ಓದುವವರಿಗೆ ಚೆನ್ನಾಗಿರುತ್ತದೆ. ಆದರೆ ನಿಜ ಹೇಳಬೇಕೆಂದರೆ ಮೊದಲು ಬರುವುದು ಹೊಟ್ಟೆಕಿಚ್ಚು. ದುಃಖ ಆಮೇಲೆ.

ಟಾರ್ಪಾಲು ಇಳಿಸಲು ಕಾರಣ ನನ್ನ ತಂಗಿಯ ಮಗಳು. ಕೋಲಾರದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಾಳೆ. ಗೆಳತಿಯರ ಜೊತೆ ಟೇಕಲ್ ಬೆಟ್ಟದ ಹತ್ತಿರ ಎರಡು ದಿನ ಬಿಡಾರ ಹೂಡಬೇಕಂತೆ, ಮರಕ್ಕೆ ಜೋಲಿ ಕಟ್ಟಿಕೊಂಡು ಮಲಗಬೇಕಂತೆ. ಮೊಬೈಲಿನಲ್ಲಿ ಬಣ್ಣಬಣ್ಣದ ಟಾರ್ಪಾಲು ತೋರಿಸಿ, "ದೊಡ್ಡಮ್ಮಾ, ನೀನು ತೋಪಲ್ಲಿ ಇದ್ದೋಳು. ಯಾವ್ದು ತಗೊಳ್ಳಲಿ ಹೇಳು" ಎಂದಳು. ನನಗೆ ಈ ವಿಷಯದಲ್ಲಿ ಗೊತ್ತಿರುವುದೆಲ್ಲ ಒಬ್ಬಳಿಂದ ಬಂದದ್ದು. ಅವಳನ್ನು ನಾವು ಆಚೆ ತೋಪಿನ ಅಕ್ಕ ಎನ್ನುತ್ತಿದ್ದೆವು.

ನಾನು ಟೇಕಲ್ ಕಡೆಯವಳು. ರಾಗಿ ಹೊಲದಲ್ಲಿ ಬೆಳೆದವಳನ್ನು ಶ್ರೀನಿವಾಸಪುರದ ಮಾವಿನ ತೋಪಿನವರ ಮನೆಗೆ ಕೊಟ್ಟರು. ಮನೆಯವರು ತೋಪು ಗುತ್ತಿಗೆಗೆ ಹಿಡಿಯುತ್ತಿದ್ದರು. ಕಾಯಿ ಬಲಿಯಲು ಶುರುವಾದಾಗಿನಿಂದ ಕೊನೆಯ ಲೋಡು ಹೋಗುವವರೆಗೆ ಯಾರಾದರೂ ತೋಪಿನಲ್ಲೇ ಇರಬೇಕು. ನಮ್ಮ ಯಜಮಾನರು ಮಾವು ಮಾರುವ ಮಂಡಿಗೂ ತೋಪಿಗೂ ಓಡಾಡುತ್ತಿದ್ದರು. ಮರದ ಕೆಳಗೆ ಟಾರ್ಪಾಲು ಕಟ್ಟಿಕೊಂಡು ಇರುತ್ತಿದ್ದದ್ದು ನಾನು ಮತ್ತು ನಮ್ಮತ್ತೆ.

ಕಳ್ಳಿ ಬೇಲಿಯ ಆಚೆಗೆ ಅಕ್ಕನ ತೋಪು. ಅವಳು ಮುಳಬಾಗಿಲು ಕಡೆಯವಳು, ಗಂಡ ಊರಲ್ಲಿ ರೇಷ್ಮೆ ಹುಳು ನೋಡಿಕೊಳ್ಳುತ್ತಿದ್ದ, ಸೀಸನ್ನಿಗೆ ಇವಳೊಬ್ಬಳೇ ಬಂದು ಕಾವಲಿಗೆ ಕೂರುತ್ತಿದ್ದಳು. ನಲವತ್ತು ದಾಟಿದ್ದಿರಬೇಕು. ಅರ್ಧ ತೆಲುಗು, ಅರ್ಧ ಕನ್ನಡ. ಉಬ್ಬಸ ಇದ್ದುದರಿಂದ ನೆಲದ ತೇವಕ್ಕೆ ಮೈ ಕೊಡುವ ಹಾಗಿರಲಿಲ್ಲ. ಹಳೆಯ ಜಮಖಾನವೊಂದನ್ನು ಎರಡು ಮರದ ನಡುವೆ ಜೋಲಿ ಕಟ್ಟಿಕೊಂಡು ಅದರಲ್ಲೇ ಮಲಗುತ್ತಿದ್ದಳು.

ಆ ಜೋಲಿಯ ಮೇಲಿನ ಟಾರ್ಪಾಲನ್ನು ನೀವು ನೋಡಬೇಕಿತ್ತು. ಲಾರಿಯವರು ಬಿಸಾಡಿದ ಕ್ಯಾನ್ವಾಸಿನ ತುಂಡು, ರಾಗಿ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ದೊಡ್ಡದೂ ಅಲ್ಲ. ಅದನ್ನು ಮೂಲೆಯಿಂದ ಮೂಲೆಗೆ ಹಗ್ಗದ ಮೇಲೆ ಹಾಕಿ, ಗಾಳಿ ಬರುವ ಕಡೆ ನೆಲಕ್ಕೆ ತಗ್ಗಿಸಿ, ಇನ್ನೊಂದು ಕಡೆ ಎತ್ತಿ ಕಟ್ಟುತ್ತಿದ್ದಳು. ಹಗ್ಗ ಯಾವಾಗಲೂ ಬುಡದ ಕಾಂಡಕ್ಕೇ, ಕಾಯಿ ಬಿಟ್ಟ ಕೊಂಬೆಗೆ ಎಂದೂ ಇಲ್ಲ. ತೊಗಟೆಗೆ ಗಾಯವಾಗದಂತೆ ಹಗ್ಗದ ಕೆಳಗೊಂದು ಗೋಣಿಯ ತುಂಡು. ಜೋಲಿಯಲ್ಲಿ ಮಲಗಿದ್ದಲ್ಲಿಂದಲೇ ತೋಪಿನ ಮೂರು ಮೂಲೆ ಕಾಣಿಸುತ್ತಿತ್ತು.

ನಾನು ನಾಲ್ಕು ಗಳ ನೆಟ್ಟು ಚಪ್ಪಟೆಯಾಗಿ ಕಟ್ಟಿದ್ದೆ. ಒಂದು ಹನಿ ಬಿದ್ದರೆ ಸಾಕು, ನಡುವೆ ನೀರು ನಿಂತು ಜೋತುಬೀಳುತ್ತಿತ್ತು. ನಮ್ಮತ್ತೆ ಕೋಲಿನಿಂದ ಅದನ್ನು ಎತ್ತಿ ನೀರು ಚೆಲ್ಲುತ್ತ ಬೇಲಿಯ ಕಡೆ ಕೈ ತೋರಿಸುತ್ತಿದ್ದರು.

"ನೋಡೇ, ಅವಳದು ಗಿಣಿ ರೆಕ್ಕೆ ಮಡಿಸ್ದಂಗೆ ಕೂತೈತೆ. ನಿಂದು ಗಬ್ಬದ ಹಸು ಹೊಟ್ಟೆ."

ದಿನಕ್ಕೆ ಹತ್ತು ಸಲ ಅವಳ ಹೆಸರು. ಅವಳು ಕಾಯಿ ಕೊಯ್ಯುವ ರೀತಿ, ಅವಳು ಮಂಗ ಓಡಿಸುವ ರೀತಿ, ಅವಳು ಮುದ್ದೆ ತಿರುವುವ ರೀತಿ. ನನಗೆ ಬೇಕಾಗಿದ್ದದ್ದು ಚಿನ್ನವಲ್ಲ, ಸೀರೆಯಲ್ಲ. ಒಂದೇ ಒಂದು ಸಲ ಅತ್ತೆ ಯಾರ ಮುಂದಾದರೂ "ನನ್ನ ಸೊಸೆ ಕಟ್ಟಿದ್ದು" ಎನ್ನಬೇಕಿತ್ತು. ಆ ಮಾತು ನನಗೆ ಬರಬೇಕಾದರೆ ಆಚೆ ತೋಪಿನವಳು ಎಲ್ಲಾದರೂ ಒಂದು ಕಡೆ ಸೋಲಬೇಕು ಎಂದು ನನ್ನ ಬುದ್ಧಿಗೆ ತೋರಿತ್ತು.

ಅವಳಿಗೆ ಇದೊಂದೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಒಂದು ದಿನ ಬೇಲಿಯ ಹತ್ತಿರ ಬಂದು, "ಅಮ್ಮಾಯೀ, ಚಾಪೆ ಕೆಳಗೆ ಹಾಸಿರೋ ಶೀಟು ಮೇಲಿನದಕ್ಕಿಂತ ದೊಡ್ಡದೈತೆ ಕಣಮ್ಮಾ. ಅಂಚು ಒಳಕ್ಕೆ ಮಡಚು. ಇಲ್ದಿದ್ರೆ ಮೇಲಿನ ನೀರೆಲ್ಲಾ ನಿನ್ನ ಚಾಪೆ ಕೆಳಗೇ ಸೇರ್ಕೊಂತೈತೆ" ಎಂದಳು. ಸರಿಯಾದ ಮಾತು. ಅದಕ್ಕೇ ಮಡಚಲಿಲ್ಲ. ಅಂದು ಸಂಜೆಯ ಮಳೆಗೆ ನಮ್ಮ ಚಾಪೆ ತೇಲಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ನಾನು ತಪ್ಪೆಲ್ಲ ಟಾರ್ಪಾಲಿನದು ಎಂದು ತೀರ್ಮಾನಿಸಿ ಮರುದಿನವೇ ಶ್ರೀನಿವಾಸಪುರದ ಅಂಗಡಿಗೆ ಹೋದೆ.

ಅಂಗಡಿಯವನು ತಿಳಿದವನು. ಕಾವಲಿಗಾ, ಲೋಡಿಗಾ, ಜೋಲಿಗಾ, ನೆಲಕ್ಕೆ ಹಾಸೋಕಾ ಎಂದು ಒಂದೊಂದಾಗಿ ಕೇಳಿದ. "ಎಲ್ಲಾದಕ್ಕಿಂತ ದೊಡ್ಡದು ಕೊಡಿ" ಎಂದೆ. ನೀಲಿ ಪ್ಲಾಸ್ಟಿಕ್ಕಿನದು, ಸುತ್ತ ಹೊಳೆಯುವ ರಿಂಗು. ತಂದು ಮರದ ಕೊಂಬೆಗಳಿಗೇ ಬಿಗಿದು ಕಟ್ಟಿದೆ. ಅರ್ಧ ತೋಪಿಗೆ ಚಪ್ಪರ ಹಾಕಿದ ಹಾಗಿತ್ತು. ಬೇಲಿಯ ಆಚೆಗೆ ಕಾಣಿಸಲಿ ಎಂದೇ ಆ ಕಡೆ ಎತ್ತರಿಸಿದ್ದೆ.

ಬಾದಾಮಿ ಮಾವಿನ ಕೊಯ್ಲು ಶುರುವಾಗಿತ್ತು. ದೂರದೂರಿಗೆ ಹೋಗುವ ಲೋಡಿಗೆ ಹಸಿರು ಕಾಯಿ ಮಾತ್ರ ಹಾಕಬೇಕು, ಬಣ್ಣ ತಿರುಗಿದ ದೋರೆಗಾಯಿಯನ್ನು ಬೇರೆ ಮಾಡಿ ಹತ್ತಿರದ ಮಾರಾಟಕ್ಕೆ ಇಡಬೇಕು. ಎರಡು ದಿನ ಆ ನೀಲಿ ನೆರಳಲ್ಲೇ ಕೂತು ಕಾಯಿ ಆರಿಸಿದೆ. ಅಕ್ಕ ಬೇಲಿಯಿಂದ ಇಣುಕಿ, "ನೀಲಿ ಕೆಳಗೆ ಬಣ್ಣ ಗೊತ್ತಾಗಲ್ಲ ಅಮ್ಮಾಯೀ, ಬಿಸಿಲಿಗೆ ತಂದು ನೋಡು" ಎಂದಳು. "ನಮ್ಗೂ ಕಣ್ಣೈತಕ್ಕಾ" ಎಂದೆ. ಅವಳು ನಕ್ಕು, "ಪರವಾಲೇದು, ಇರ್ಲಿ ಬಿಡು" ಎಂದು ಹೊರಟುಹೋದಳು.

ನೀಲಿಯ ಕೆಳಗೆ ಹಳದಿಯೂ ಹಸಿರಾಗಿ ಕಾಣುತ್ತದೆ. ಇದು ಆ ವಾರ ನನಗೆ ಗೊತ್ತಾಯಿತು, ಮಂಡಿಯವರಿಗೂ ಗೊತ್ತಾಯಿತು. ಕ್ರೇಟುಗಳಲ್ಲಿ ದೋರೆಗಾಯಿ ಹಣ್ಣಾಗಿ, ಕೊಳೆತು, ಪಕ್ಕದ ಕಾಯಿಗಳನ್ನೂ ಕೆಡಿಸಿ, ಇಡೀ ಲೋಡು ಮೂರು ಕಾಸಿಗೆ ಜ್ಯೂಸ್ ಫ್ಯಾಕ್ಟರಿಗೆ ಹೋಯಿತು. ಯಜಮಾನರು ಬಂದು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು. ಅತ್ತೆ ಮಾತ್ರ, "ಕಣ್ಣಿದ್ರೆ ಸಾಲ್ದು. ಅವಳನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳನ್ನು ಕೇಳಬೇಕಿತ್ತು ಎಂದದ್ದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ಅವಳ ಟಾರ್ಪಾಲನ್ನು ನೋಡಿದೆ. ಎಷ್ಟು ಹೊತ್ತು ನೋಡಿದೆನೋ... ಅವಳು ತಿರುಗಿದಾಗ ಸರಕ್ಕನೆ ಸರಿದೆ. ಮಧ್ಯಾಹ್ನ ಮತ್ತೆ ನೋಡಿದರೆ ಜೋಲಿಯ ಹಗ್ಗಕ್ಕೆ ಒಂದು ಕೆಂಪು ಚಿಂದಿ ಕಟ್ಟಿದೆ! ಸರಿಯಾಗಿ ನಮ್ಮ ಕಡೆಗೆ.

ಚೆನ್ನಾಗಿ ಕಾಯಿ ಬಿಟ್ಟ ಮರಕ್ಕೆ ದೃಷ್ಟಿ ತಾಗದಿರಲಿ ಎಂದು ಚಿಂದಿ, ಹಳೆಯ ಚಪ್ಪಲಿ ಕಟ್ಟುವುದು ನಮ್ಮ ಕಡೆ ಮಾಮೂಲು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ನನ್ನ ಕಣ್ಣನ್ನೇ ಮುಟ್ಟಿ ನೋಡಿಕೊಂಡೆ. ಅದು ನನ್ನ ದೃಷ್ಟಿಗೇ ಕಟ್ಟಿದ್ದು, ಊರಿಗೆಲ್ಲ ಕಾಣಿಸುವ ಹಾಗೆ ನನ್ನ ಹೊಟ್ಟೆಕಿಚ್ಚನ್ನು ಹಗ್ಗಕ್ಕೆ ನೇತುಹಾಕಿದ್ದಾಳೆ ಎನಿಸಿತು. ಹಗ್ಗದ ಆಚೆ ತುದಿಗೂ ಅಂಥದ್ದೇ ಒಂದು ಚಿಂದಿ ಇತ್ತು. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಅವಳು ನೀರಿಗೆ ಹೋದ ಹೊತ್ತು ನೋಡಿ ಬೇಲಿ ದಾಟಿದೆ. ಗಂಟು ಗಟ್ಟಿಯಾಗಿತ್ತು, ಹಲ್ಲು ಹಾಕಿ ಬಿಚ್ಚಬೇಕಾಯಿತು. ಚಿಂದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸು ಬಂದೆ.

ಅವಳು ರಾತ್ರಿಯೆಲ್ಲ ಕಾವಲು ಕೂತು ಮಧ್ಯಾಹ್ನ ಮಲಗುವವಳು. ಅಂದೂ ಬಂದು, ಹಗ್ಗದ ಕಡೆ ಕಣ್ಣು ಹಾಯಿಸದೆ, ಜೋಲಿಯಲ್ಲಿ ಮಲಗಿ ಗಾಢ ನಿದ್ದೆಗೆ ಜಾರಿದಳು. ನಾಲ್ಕು ಗಂಟೆಗೆ ಮೋಡ ಕಟ್ಟಿ ಗಾಳಿ ಎದ್ದು, ಆಲಿಕಲ್ಲಿನ ಜೊತೆ ಮಳೆ ಸುರಿಯಿತು. ನನ್ನ ನೀಲಿ ಟಾರ್ಪಾಲು ಗಾಳಿ ತುಂಬಿಕೊಂಡು ಎದ್ದಿತು. ಅದನ್ನು ಕಟ್ಟಿದ್ದ ಕೊಂಬೆಗಳೆಲ್ಲ ಒದ್ದಾಡಿ ದಬದಬ ಕಾಯಿ ಉದುರಿತು. ಅತ್ತೆ ಒಂದು ಮೂಲೆ, ನಾನೊಂದು ಮೂಲೆ ಹಿಡಿದು ನೇತಾಡುತ್ತಿದ್ದೆವು. ಆಗ ಆಚೆ ನೋಡಿದೆ. ಅವಳದು ಅಲುಗಾಡುತ್ತಲೂ ಇರಲಿಲ್ಲ. ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು.

ಆಮೇಲೆ ಕಾಣಿಸಿತು. ಮರದ ಮೈಮೇಲೆ ಇಳಿದ ನೀರು ಜೋಲಿಯ ಹಗ್ಗ ಹಿಡಿದು, ಟಾರ್ಪಾಲಿನ ಕೆಳಗೆ ನುಸುಳಿ, ನೇರವಾಗಿ ಜೋಲಿಯೊಳಕ್ಕೆ ಹರಿಯುತ್ತಿತ್ತು. ಆಚೆ ತುದಿಯಲ್ಲಿ ಚಿಂದಿ ಇದ್ದ ಕಡೆ ನೀರು ಚಿಂದಿಯ ತುದಿಗೆ ಬಂದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಮ್ಮ ಕಡೆ ತಡೆಯಲು ಏನೂ ಇರಲಿಲ್ಲ. ಚಿಂದಿ ಏಕೆ ಕಟ್ಟಿದ್ದಳೆಂದು ಆಗ ಅರ್ಥವಾಯಿತು. ಮಳೆಯ ಮೋಡ ನೋಡಿ ಕಟ್ಟಿದ್ದಳು, ನನ್ನನ್ನು ನೋಡಿ ಅಲ್ಲ.

ಕೂಗಬಹುದಿತ್ತು. ಓಡಿ ಹೋಗಿ ಎಬ್ಬಿಸಬಹುದಿತ್ತು. ನಾನು ಟಾರ್ಪಾಲಿನ ಮೂಲೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದೆ. ಒಂದು ಗಳಿಗೆಯೋ, ಅದಕ್ಕಿಂತ ಹೆಚ್ಚೋ... ಅವಳದೂ ಒಂದು ಸಲ ನೆನೆಯಲಿ ಎನ್ನುವುದು ಇನ್ನೂ ನನ್ನೊಳಗಿತ್ತು. ಅವಳು ಕೆಮ್ಮುತ್ತ ತಾನೇ ಎದ್ದಳು.

ಅತ್ತೆ ಅವಳನ್ನು ನಮ್ಮ ಕಡೆ ಕರೆತಂದು, ಒಣ ಸೀರೆ ಉಡಿಸಿ, ಮೆಣಸಿನ ಕಷಾಯ ಕುಡಿಸಿದರು. ಉಸಿರು ಸಿಕ್ಕದೆ ಅವಳ ಭುಜ ಮೇಲೆ ಕೆಳಗೆ ಆಗುತ್ತಿತ್ತು. "ಚಿಂದಿ ಗಾಳಿಗೆ ಬಿಚ್ಕೊಂಡೋಗಿರ್ಬೇಕು. ನಾನೇ ಸರಿಯಾಗಿ ಕಟ್ಟಿಲ್ಲ" ಎಂದಳು. "ನೀನು ಕಟ್ಟಿದ್ದು ಬಿಚ್ಕೊಳ್ಳೋದುಂಟೇನೇ!" ಎಂದರು ಅತ್ತೆ. ಆ ಚಿಂದಿ ನನ್ನ ಸೊಂಟದಲ್ಲಿ ಒದ್ದೆಯಾಗಿ ಅಂಟಿಕೊಂಡಿತ್ತು.

ಉಬ್ಬಸ ಇಳಿಯಲಿಲ್ಲ. ಮೂರನೆಯ ದಿನ ಅವಳ ಗಂಡ ಟೆಂಪೋ ತಂದ. ಹೊರಡುವ ಮುಂಚೆ ಅವಳು ತನ್ನ ಟಾರ್ಪಾಲನ್ನು ಮಡಚಿ ನನ್ನ ಕೈಗೆ ಕೊಟ್ಟಳು. "ಇದು ನಿನಗಿರ್ಲಿ ಅಮ್ಮಾಯೀ. ನಿನ್ನ ನೀಲೀದು ಲೋಡು ಮುಚ್ಚೋಕೆ ಸರಿ, ತಲೆ ಮೇಲಕ್ಕಲ್ಲ." ಆಮೇಲೆ ಹಗ್ಗದ ತುಂಡಿಗೆ ಒಂದು ಚಿಂದಿ ಸುತ್ತಿ ಗಂಟು ಹಾಕಿ ತೋರಿಸಿದಳು. "ಹಿಂಗೆ ಬಿಗಿಯಾಗಿ ಹಾಕು. ಬಿಚ್ಚೋಕೆ ಕೈ ಬೇಕು, ಗಾಳಿ ಸಾಲ್ದು."

ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಮೊದಲು ಗಾಳಿಗೆ ಬಿಚ್ಚಿಕೊಂಡಿತು ಎಂದವಳು ಹೊರಡುವಾಗ ಗಾಳಿ ಸಾಲದು ಎಂದಳು. ಗೊತ್ತಿತ್ತು ಎಂದೇ ನನ್ನ ನಂಬಿಕೆ. ಗೊತ್ತಿದ್ದೂ ಕೊಟ್ಟಳಲ್ಲ, ಅದರ ಮೇಲೂ ನನಗೆ ಹೊಟ್ಟೆಕಿಚ್ಚು. ನನ್ನಿಂದ ಅದು ಆಗುತ್ತಿರಲಿಲ್ಲ.

ಮುಂದಿನ ಸೀಸನ್ನಿಗೆ ಅವಳು ಬರಲಿಲ್ಲ. ಚಳಿಗಾಲದಲ್ಲಿ ಉಬ್ಬಸ ಜಾಸ್ತಿಯಾಗಿ ಹೋಗಿಬಿಟ್ಟಳೆಂದು ಮಂಡಿಯಲ್ಲಿ ಸುದ್ದಿ ಸಿಕ್ಕಿತು. ಆ ಮಳೆಗೂ ಅದಕ್ಕೂ ನಡುವೆ ಎಷ್ಟೋ ತಿಂಗಳು, ಸಂಬಂಧ ಇರಲಾರದು ಎಂದು ಎಷ್ಟು ಸಲ ಲೆಕ್ಕ ಹಾಕಿದ್ದೇನೋ... ಅತ್ತೆ ಹೆತ್ತ ಮಗಳು ಹೋದಂತೆ ಅತ್ತರು. ಆ ಅಳುವಿಗೂ ನಾನು ಕರುಬಿದೆ. ಆ ವರ್ಷ ಅವಳ ಟಾರ್ಪಾಲನ್ನು ಅವಳ ಹಾಗೆಯೇ ಮೂಲೆಯಿಂದ ಮೂಲೆಗೆ ಕಟ್ಟಿ, ಅತ್ತೆ ಏನೆನ್ನುತ್ತಾರೋ ಎಂದು ಕಾದೆ. ಅವರು ತುಂಬ ಹೊತ್ತು ನೋಡಿ, "ಥೇಟ್ ಅವಳದ್ದೇ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಸೊಸೆ ಕಟ್ಟಿದ್ದು ಎಂಬ ಮಾತು ಅವರಿರುವವರೆಗೂ ಬರಲಿಲ್ಲ.

ತಂಗಿಯ ಮಗಳಿಗೆ ಹೇಳಿದೆ: ಜೋಲಿಗಾದರೆ ಅಗಲಕ್ಕಿಂತ ಉದ್ದ ನೋಡು, ಜೋಲಿಯ ಎರಡು ತುದಿಗೂ ಒಂದೊಂದು ಮೊಳ ಹೆಚ್ಚಿರಲಿ. ದೊಡ್ಡದೆಂದು ಆಸೆ ಪಡಬೇಡ, ಗಾಳಿಗೂ ದೊಡ್ಡದೇ ಇಷ್ಟ. ಕಾಂಡಕ್ಕೆ ಕಟ್ಟು. ನೆಲದಲ್ಲಿ ಮಲಗುವವರಿದ್ದರೆ ಕೆಳಗಿನದು ಮೇಲಿನದಕ್ಕಿಂತ ಚಿಕ್ಕದಿರಲಿ. ಅವಳು ಹಳೆಯ ಕ್ಯಾನ್ವಾಸ್ ಎತ್ತಿ ನೋಡಿ, ಇದನ್ನು ಹೊತ್ತುಕೊಂಡು ಬೆಟ್ಟ ಹತ್ತಲಾಗದು ಎಂದು ನಕ್ಕು, ಮೊಬೈಲಿನಲ್ಲಿ ಹಗುರವಾದ ಮಣ್ಣು ಬಣ್ಣದ್ದೊಂದನ್ನು ಆರಿಸಿಕೊಂಡಳು.

ಅಂದು ನಾನು ಬಿಚ್ಚಿ ತಂದು ಆಮೇಲೆ ಇದರಲ್ಲೇ ಅಡಗಿಸಿಟ್ಟಿದ್ದ, ಬಣ್ಣ ಹೋದ ಕೆಂಪು ಚಿಂದಿ ಮಡಿಕೆಯೊಳಗಿಂದ ಕೆಳಗೆ ಬಿತ್ತು. "ಇದೇನ್ ದೊಡ್ಡಮ್ಮಾ, ದೃಷ್ಟಿಗಾ?" ಎಂದಳು.

ಅಲ್ಲ ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಯಾರಿಗೂ ಹೇಳದ್ದನ್ನು ಅವಳ ಮುಂದೆ ಪೂರ್ತಿ ಹೇಳಿದೆ, ಕೂಗದೆ ನಿಂತ ಆ ಗಳಿಗೆಯನ್ನೂ ಸೇರಿಸಿ. ಅವಳು ಚೀಲದಿಂದ ತನ್ನ ಹೊಸ ಜೋಲಿಯ ಹಗ್ಗ ತೆಗೆದು, ಆ ಚಿಂದಿಯನ್ನೇ ಸುತ್ತಿ ಗಂಟು ಹಾಕಿ ನನ್ನ ಕಡೆ ಚಾಚಿದಳು.

"ಬಿಗಿಯಾಗಿದ್ಯಾ ನೋಡು."

ಎಳೆದು ನೋಡಿದೆ. ಬಿಗಿಯಾಗಿತ್ತು. "ಬಿಚ್ಚೋಕೆ ಕೈ ಬೇಕು, ಗಾಳಿ ಸಾಲ್ದು" ಎಂದೆ. ಆ ಮಾತೂ ನನ್ನದಲ್ಲ.